ದಶರಥನ ಇಬ್ಬರು ಮಕ್ಕಳು

೧೯೭೬ನೇ ಇಸವಿಯ ಶ್ರೀರಾಮನವಮಿಗೆ ಆರು ದಿನ ಮುಂಚೆ, ದಶರಥ ಮಹಾರಾಜನಿಗೆ ಇಬ್ಬರೇ ಮಕ್ಕಳೆಂದು ತೀರ್ಮಾನವಾಯಿತು. ತೀರ್ಮಾನಿಸಿದ್ದು ವಿಜಯನಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿದ್ದ ‘ಸಾರ್ವಜನಿಕ ಕಥಾಪ್ರಸಂಗ ಪರಿಶೀಲನಾ ಶಾಖೆ’. ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದುದರಿಂದ ದಶರಥನ ಕಡೆಯ ಹೇಳಿಕೆ ಪಡೆಯುವ ಅಗತ್ಯ ಕಂಡುಬರಲಿಲ್ಲ.

ಈ ತೀರ್ಮಾನವಾದಾಗ ಹರಿಕಥೆಯ ವೆಂಕಟಗಿರಿದಾಸರು ಶಾಖಾಧಿಕಾರಿ ಗೋಪೀನಾಥರ ಮೇಜಿನ ಮುಂದೆ ಕೈಕಟ್ಟಿಕೊಂಡು ನಿಂತಿದ್ದರು. ರಾಜಾಜಿನಗರದ ರಾಮೋತ್ಸವದ ಚಪ್ಪರದಲ್ಲಿ ಪಾದುಕಾ ಪಟ್ಟಾಭಿಷೇಕದ ಕಥೆ ಮಾಡಲು ಅವರಿಗೆ ಶಾಖೆಯ ಮೊಹರು ಬೇಕಿತ್ತು. ಮೊಹರಿಲ್ಲದಿದ್ದರೆ ಮೈಕಿಲ್ಲ, ಚಪ್ಪರವೂ ಇಲ್ಲ.

“ರಾಮ, ಲಕ್ಷ್ಮಣ ಇರ್ಲಿ. ಭರತ, ಶತ್ರುಘ್ನ ತೆಗೀಬೇಕು,” ಎಂದು ಗೋಪೀನಾಥರು ಕೆಂಪು ಪೆನ್ಸಿಲ್ ಎಳೆದರು. “ಸುತ್ತೋಲೆ ನೋಡಿ. ‘ಸಾರ್ವಜನಿಕರಿಗೆ ಆದರ್ಶಪ್ರಾಯನೆಂದು ಬಿಂಬಿಸಲಾಗುವ ಯಾವುದೇ ಗೃಹಸ್ಥನಿಗೆ ಇಬ್ಬರಿಗಿಂತ ಹೆಚ್ಚು ಮಕ್ಕಳಿರತಕ್ಕದ್ದಲ್ಲ.’”

“ಸಾರ್, ಮೂರು ಜನ ಹೆಂಡ್ತೀರು...”

“ಹೆಂಡ್ತೀರ ಬಗ್ಗೆ ಸುತ್ತೋಲೇಲಿ ಏನೂ ಇಲ್ಲ. ಎಷ್ಟು ಜನ ಬೇಕಾದ್ರೂ ಇಟ್ಕೊಳ್ಳಿ.”

ತಂದೆ ತೀರಿಕೊಂಡಾಗ ದಾಸರ ಪಾಲಿಗೆ ಬಂದದ್ದು ಎರಡೇ: ತಾಳ ಹಾಕುವ ಒಂದು ಜೊತೆ ಚಿಟಿಕೆ ಮತ್ತು ಭರತ. ಭರತ ಅಣ್ಣನ ಪಾದುಕೆಯನ್ನು ತಲೆಯ ಮೇಲಿಟ್ಟುಕೊಳ್ಳುವ ಕಡೆ ಮೂವತ್ತೊಂದು ವರ್ಷದಿಂದ ಜನ ಅಳುತ್ತಿದ್ದರು. ದಾಸರೂ ಅಳುತ್ತಿದ್ದರು, ಅದು ಅಭಿನಯವಾಗಿರಲಿಲ್ಲ.

“ರಾಮ ಕಾಡಿಗೆ ಹೋದ್ಮೇಲೆ ರಾಜ್ಯ ಯಾರು ನೋಡ್ಕೋತಾರೆ ಸಾರ್? ಪಾದುಕೆ ಯಾರು ಹೊರ್ತಾರೆ?”

ಪ್ರಶ್ನೆ ಗೋಪೀನಾಥರಿಗೆ ಹಿಡಿಸಿತು. “ಆಡಳಿತ ಮಂಡಳಿ ಇಲ್ದಿರೋ ಕಡೆ ಏನ್ಮಾಡ್ತೀವಿ? ಆಡಳಿತಾಧಿಕಾರೀನ ನೇಮಕ ಮಾಡ್ತೀವಿ. ಅಯೋಧ್ಯೆಗೂ ಒಬ್ರನ್ನ ಹಾಕಿ.”

“ಮತ್ತೆ ಕೈಕೇಯಿ ವರ ಕೇಳೋದು ಯಾರಿಗೋಸ್ಕರ?”

“ತೌರುಮನೆ ಕಡೆಯೋರಿಗೆ. ಹಂಗೆ ನೇಮಕ ಆದೋರು ನಮ್ಮ ಶಾಖೇಲೇ ನಾಲ್ಕು ಜನ ಇದಾರೆ, ಪರಿಚಯ ಮಾಡಿಸ್ಲಾ?”

ದಾಸರು ವಾದ ಮಾಡಲು ಬಾಯಿ ತೆರೆದರು. ಆದರೆ ಹಿಂದಿನ ವಾರ ಮಹಾಭಾರತಕ್ಕೆ ಅರ್ಜಿ ಹಿಡಿದು ಬಂದಿದ್ದ ಕೃಷ್ಣಪ್ಪದಾಸರು, ಕೌರವರ ಸಂಖ್ಯೆಯ ವಿಷಯದಲ್ಲಿ ಪಟ್ಟುಹಿಡಿದು, ಇನ್ನೂ ಮನೆಗೆ ಹಿಂದಿರುಗಿರಲಿಲ್ಲ. ವೆಂಕಟಗಿರಿದಾಸರು ಬಾಯಿ ಮುಚ್ಚಿ ಮೊಹರು ಹಾಕಿಸಿಕೊಂಡರು. ನವಮಿಯ ಮರುದಿನದ ಆರ್ಕೆಸ್ಟ್ರಾದವರಿಗೆ ಮಾತ್ರ ಐದೇ ನಿಮಿಷದಲ್ಲಿ ಅನುಮತಿ ಸಿಕ್ಕಿತು. ಸಿನಿಮಾ ಹಾಡುಗಳಲ್ಲಿ ಯಾರಿಗೂ ಇನ್ನೂ ಮದುವೆಯೇ ಆಗಿರುವುದಿಲ್ಲವಷ್ಟೆ.

“ಈ ಸಲ ನಾನು ಚಪ್ಪರಕ್ಕೆ ಬರಲ್ಲ,” ಎಂದರು ಮನೆಯಲ್ಲಿ ಹೆಂಡತಿ ಅನಂತಲಕ್ಷ್ಮಿ. “ಭರತನ ಸೂತಕ ನನಗಾದ್ರೂ ಇರ್ಲಿ.”

ನವಮಿಯ ಸಂಜೆ ಗೋಪೀನಾಥರು ಮೊದಲ ಸಾಲಿನಲ್ಲಿ, ಪ್ರಸಂಗದ ನಕಲನ್ನು ತೊಡೆಯ ಮೇಲಿಟ್ಟುಕೊಂಡು, ಪಾನಕ ಕುಡಿಯುತ್ತ ಕೂತಿದ್ದರು. ಕಥೆ ಚಿತ್ರಕೂಟಕ್ಕೆ ಬಂತು. ದಾಸರ ನಾಲಿಗೆಯ ತುದಿಗೆ ಭರತ ಬಂದುಬಿಟ್ಟಿದ್ದ. ಗೋಪೀನಾಥರ ಪೆನ್ಸಿಲ್ ಮೇಲೆದ್ದಿತು. ದಾಸರು ಭರತನನ್ನು ಉಗುಳಿನೊಡನೆ ನುಂಗಿ, “ಅಯೋಧ್ಯೆಯ ಮಾನ್ಯ ಆಡಳಿತಾಧಿಕಾರಿಗಳು ಕಡತ ಸಮೇತ ಚಿತ್ರಕೂಟಕ್ಕೆ ದಯಮಾಡಿಸಿದರು,” ಎಂದರು. ಆಮೇಲೆ ತಂದೆ ಕಲಿಸಿದ ಅದೇ ರಾಗದಲ್ಲಿ, “ಪ್ರಭೂ, ನಾನು ಕೇವಲ ತಾತ್ಕಾಲಿಕ! ನಿನ್ನ ಪಾದುಕೆಯನ್ನು ನನ್ನ ವಶಕ್ಕೆ ಕೊಡು!” ಎಂದು ಹಾಡಿದರು.

ಹೆಂಗಸರ ಕಡೆಯಿಂದ ಕುರುಬರಹಳ್ಳಿಯ ಹಾಲು ಮಾರುವ ಬೋರಮ್ಮ ಬಿಕ್ಕಿದಳು.

“ಅಯ್ಯೋ, ಒಡಹುಟ್ದೋನೂ ಅಲ್ಲ, ಏನೂ ಅಲ್ಲ. ಎಷ್ಟ್ ಮಾಡ್ತಾವ್ನೆ ನೋಡ್ರವ್ವ!”

ಚಪ್ಪರಕ್ಕೆ ಚಪ್ಪರವೇ ಅತ್ತಿತು. ಗೋಪೀನಾಥರು ನಕಲಿನ ಅಂಚಿನಿಂದ ಕಣ್ಣೊರೆಸಿಕೊಂಡರು. ಅಳದೆ ಉಳಿದವರು ದಾಸರೊಬ್ಬರೇ. ಭರತನಿಗೆ ಸೇರಬೇಕಾದ ಕಣ್ಣೀರನ್ನು ಹೆಸರೂ ಇಲ್ಲದ ಒಬ್ಬ ಅಧಿಕಾರಿ ನಾಲ್ಕು ನಿಮಿಷದಲ್ಲಿ ಹೊಡೆದುಕೊಂಡು ಹೋದನಲ್ಲ ಎಂದು ಅವರಿಗೆ ಮೈಯೆಲ್ಲ ಉರಿಯಿತು. ಆ ದಿನ ಅವರು ಊಟ ಮಾಡಲಿಲ್ಲ.

ಆ ವರ್ಷ ಗೋವಿಂದರಾಜನಗರದಿಂದ ಕೆಂಗೇರಿಯವರೆಗೆ ಎಲ್ಲರೂ ಕೇಳಿದ್ದು ಆಡಳಿತಾಧಿಕಾರಿಯ ಕಥೆಯನ್ನೇ. ದಾಸರು ಮಾಡಿದರು, ಶಾಲು ಹೊದಿಸಿಕೊಂಡರು, ಒಳಗೊಳಗೇ ಕುದಿದರು.

ಮುಂದಿನ ರಾಮನವಮಿಗೆ ಒಂದು ವಾರವಿದೆ ಎನ್ನುವಾಗ ತುರ್ತು ಪರಿಸ್ಥಿತಿ ರದ್ದಾಯಿತು. ಶಾಖೆಗೆ ಬೀಗ ಬಿತ್ತು. ಕೃಷ್ಣಪ್ಪದಾಸರು ಅರ್ಧ ತೂಕವಾಗಿ ಮನೆಗೆ ಬಂದರು. ವೆಂಕಟಗಿರಿದಾಸರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅನಂತಲಕ್ಷ್ಮಿ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಬಂದು ಕೂತರು.

“ಅಣ್ಣಾ!” ಎಂದು ಭರತ ಚಿತ್ರಕೂಟದಲ್ಲಿ ಓಡಿಬಂದು ರಾಮನ ಕಾಲಿಗೆ ಬಿದ್ದ. ದಾಸರ ಕಣ್ಣು ತುಂಬಿತು. ಚಪ್ಪರದಲ್ಲಿ ಯಾರೋ ಕೋಸಂಬರಿ ಅಗಿಯುವುದು ಕೇಳಿಸುತ್ತಿತ್ತು.

ಬೋರಮ್ಮ ಎದ್ದು ನಿಂತಳು. “ದಾಸಪ್ಪೋರೆ, ಇವ್ನ್ಯಾರು?”

“ಭರತ ಕಣಮ್ಮ. ರಾಮನ ತಮ್ಮ.”

“ಹೋದ್ ವರ್ಸ ಎಲ್ಲೋಗಿದ್ದ? ಈಗ ರಾಜ್ಯ ಅಂದೇಟ್ಗೆ ಓಡ್ಬಂದ್ನಾ?”

ಜನ ಹೌದು ಹೌದೆಂದರು. ಈಗ ಯಾವ ಶಾಖೆಯೂ ಇಲ್ಲದೆ ಮೂರನೇ ಸಾಲಿನಲ್ಲಿ ಕೂತಿದ್ದ ಗೋಪೀನಾಥರು, “ಹುಡುಗನಿಗೆ ಅನುಭವ ಸಾಲದು,” ಎಂದು ಅಭಿಪ್ರಾಯಪಟ್ಟರು. ಉತ್ಸವ ಸಮಿತಿಯ ಕಾರ್ಯದರ್ಶಿ ಪದ್ಮನಾಭಯ್ಯ ವೇದಿಕೆಯ ಪಕ್ಕಕ್ಕೆ ಬಂದು ಪಿಸುಗುಟ್ಟಿದರು. “ದಾಸ್ರೇ, ಜನ ಅಯೋಧ್ಯೆ ಸಾಹೇಬ್ರನ್ನ ಕೇಳ್ತಾ ಇದಾರೆ. ಎದ್ದು ಹೋಗ್ಬಿಡ್ತಾರೆ ಆಮೇಲೆ.”

ದಾಸರು ಹೆಂಡತಿಯ ಮುಖ ನೋಡಿದರು. ಅನಂತಲಕ್ಷ್ಮಿ ಕಾಲುಂಗುರ ನೋಡಿಕೊಳ್ಳುತ್ತಿದ್ದರು.

ಆಡಳಿತಾಧಿಕಾರಿಗಳು ಕಡತ ಸಮೇತ ಚಿತ್ರಕೂಟಕ್ಕೆ ದಯಮಾಡಿಸಿದರು. ಭರತನ ಮನವಿಯನ್ನು ಸ್ವೀಕರಿಸಿ, ಸೂಕ್ತ ಕ್ರಮ ಕೈಗೊಳ್ಳುವುದಾಗಿ ತಿಳಿಸಿ, ಪಾದುಕೆಯನ್ನು ತಾವೇ ತಲೆಯ ಮೇಲಿಟ್ಟುಕೊಂಡು ಹೊರಟರು. ಹಿಂದಿನಿಂದ ಕೊಡೆ ಹಿಡಿದು ಬರಲು ಭರತನಿಗೆ ಅವಕಾಶ ಕಲ್ಪಿಸಲಾಯಿತು. ಚಪ್ಪರ ಹೋದ ವರ್ಷಕ್ಕಿಂತ ಜೋರಾಗಿ ಅತ್ತಿತು.

ಮನೆಗೆ ನಡೆಯುವಾಗ ಅನಂತಲಕ್ಷ್ಮಿಯ ಸೆರಗು ಒದ್ದೆಯಾಗಿತ್ತು.

“ಪಾಪ, ಸಾಹೇಬ್ರು ಆ ವಯಸ್ಸಿನಲ್ಲಿ ಅಷ್ಟು ದೂರ ಪಾದುಕೆ ಹೊತ್ಕೊಂಡು ಹೋದ್ರಲ್ಲಾ!” ಎಂದರು.

“ಹೂಂ ಕಣೇ,” ಎಂದರು ದಾಸರು. “ತುಂಬಾ ಒಳ್ಳೇ ಮನುಷ್ಯ.”