ಪಕ್ಕದ ಮನೆಯ ಫರಸಿ

ಬೇರೆಯವರ ಕಾರು, ಬಂಗಾರ ಕಂಡು ಹೊಟ್ಟೆಕಿಚ್ಚು ಪಡುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ, ಅದರಲ್ಲೊಂದು ಘನತೆಯಿದೆ. ನನ್ನ ಹೊಟ್ಟೆಕಿಚ್ಚು ಮಾತ್ರ ನೆಲದ ಮಟ್ಟದ್ದು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಶರಣಮ್ಮನವರ ಪಡಸಾಲೆಗೂ ನಮ್ಮ ಪಡಸಾಲೆಗೂ ಹಾಸಿದ್ದು ಒಂದೇ ಲಾರಿಯಿಂದ ಇಳಿದ ಶಹಾಬಾದ್ ಫರಸಿಕಲ್ಲು. ಹಾಸಿದ ಗೌಂಡಿಯೂ ಒಬ್ಬನೇ. ಹತ್ತು ವರ್ಷದಲ್ಲಿ ಅವರ ಕಲ್ಲು ಮುಖ ಕಾಣುವಂತೆ ಹೊಳೆಯಿತು. ನಮ್ಮದು ಬಳಪ ಒರೆಸದ ಪಾಟಿಯಂತೆ ಮಂಕಾಗಿ ಕೂತಿತು. ಅವರು ಸೀರೆ ನೇಯುವವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನೋ ನಮ್ಮ ಮನೆತನದ ಮೊದಲ ಪದವೀಧರ, ಅದೂ ಬಿ.ಎಸ್ಸಿ., ಹೈಸ್ಕೂಲಿನ ವಿಜ್ಞಾನ ಮಾಸ್ತರ. ಹುಟ್ಟೂರು ಸವಡಿಯಲ್ಲಿ ಸೆಗಣಿ ಸಾರಿಸಿದ ನೆಲದ ಮೇಲೆ ಬೋರಲು ಮಲಗಿ ಓದಿದವನಿಗೆ ಸ್ವಂತ ಫರಸಿ ಎಂದರೆ ಎರಡನೆಯ ಡಿಗ್ರಿಯೇ.

ಬಸುರಿ ಮಗಳಿಗೆ ಏಳು ತಿಂಗಳು ತುಂಬಿ ಕುಬಸ, ಅಂದರೆ ಸೀಮಂತ, ನಿಶ್ಚಯವಾದಾಗ ಸಂಗತಿ ಬಿಗಡಾಯಿಸಿತು. ರೋಣದಿಂದ ಬೀಗರು ಬರುವವರಿದ್ದರು. ಹೆಂಡತಿ ನೆಲವನ್ನೊಮ್ಮೆ ನೋಡಿ, "ಶರಣವ್ವಾರ ಪಡಸಾಲ್ಯಾಗ ಇಟ್ಕೊಳ್ಳೂಣೇನ್ರಿ? ಅವ್ರೇನ ಬ್ಯಾಡ ಅನ್ನಂಗಿಲ್ಲ," ಎಂದಳು. ನನ್ನ ಮಗಳ ಉಡಿಯನ್ನು ಇನ್ನೊಬ್ಬರ ಫರಸಿಯ ಮೇಲೆ ತುಂಬುವುದೇ? "ಸ್ವಲ್ಪ ತಡಿ," ಎಂದೆ. ಮರುದಿನ ತಾಯಿ-ಮಗಳು ಸಂತೆಗೆ ಹೋದಾಗ ಬಚ್ಚಲು ತೊಳೆಯುವ ಆಸಿಡ್ ತಂದು ಪಡಸಾಲೆಯ ನಡುವೆ ಸುರಿದೆ. ಕಲ್ಲು ಬುಸ್ಸೆಂದು ನೊರೆ ಕಾರಿತು. ಕೊಳೆ ಬಿಡುತ್ತಿದೆ ಎಂದು ಹಿಗ್ಗಿ ಇನ್ನಷ್ಟು ಸುರಿದೆ. ತೊಳೆದು ನೋಡಿದರೆ ಚಕ್ಕಡಿಯ ಗಾಲಿಯಷ್ಟಗಲ ಬಿಳಿಯ, ಒರಟು ಮಚ್ಚೆ. ಸಂತೆಯಿಂದ ಬಂದ ಮಗಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಪ್ಪಾ, ಸುಣ್ಣದ ಕಲ್ಲಿಗೆ ಆಸಿಡ್ ಬಿದ್ರ ಏನಾಕ್ಕೈತಿ ಅಂತ ನೀವ ಕಲಿಸಿದ್ರಲ್ಲಾ. ನಾ ತಪ್ಪ ಬರದಿದ್ದಕ್ಕ ಮಾರ್ಕ್ಸ್ ಕಡದಿದ್ರಿ." ಫರಸಿ ಸುಣ್ಣದ ಕಲ್ಲೆಂಬುದು ನನಗೆ ತರಗತಿಯಲ್ಲಿ ಚೆನ್ನಾಗಿ ಗೊತ್ತಿತ್ತು, ಮನೆಯಲ್ಲಿ ಗೊತ್ತಿರಲಿಲ್ಲ.

ನನ್ನನ್ನು ಒಂದು ಮಾತೂ ಕೇಳದೆ ಹೆಂಡತಿ ಶರಣಮ್ಮನವರನ್ನು ಕರೆತಂದಳು. ಅವರು ಕುಕ್ಕರಗಾಲಲ್ಲಿ ಕೂತು ಮಚ್ಚೆಯ ಮೇಲೆ ಅಂಗೈ ಆಡಿಸಿ, "ಏನ್ ಚೆಲ್ಲೇತ್ರಿ ಸರ?" ಎಂದರು. "ಏನೋ ಚೆಲ್ಲೇತ್ರಿ," ಎಂದೆ. ಅವರು ಮತ್ತೆ ಕೇಳಲಿಲ್ಲ. ಮನೆಗೆ ಹೋಗಿ ಗೌಂಡಿ ಬಿಟ್ಟುಹೋಗಿದ್ದ ಎರಡು ಪಾಲಿಶ್ ಕಲ್ಲು ತಂದರು, ಒರಟಾದದ್ದೊಂದು, ನುಣ್ಣನೆಯದೊಂದು. "ನೀರ ಹಾಕ್ಕೋತ ಸುತ್ತ ತಿಕ್ರಿ. ಒಂದ ಕಡೆ ಜೋರ ಮಾಡಿದ್ರ ತಗ್ಗ ಬೀಳ್ತೈತಿ." ನಾಲ್ಕು ಮುಂಜಾನೆ ಅವರು ಬೆರಳು ತೋರಿಸಿದಲ್ಲೆಲ್ಲ ಮಂಡಿಯೂರಿ ತಿಕ್ಕಿದೆ. ಸಿಮೆಂಟು ಉದುರಿಹೋಗಿದ್ದ ಸಂದಿಗಳನ್ನೂ ಅವರೇ ತುಂಬಿದರು. ಕೊನೆಗೆ ಮಗ್ಗದಲ್ಲಿ ಉಳಿದ ನೂಲಿನ ಉಂಡೆಯೊಂದನ್ನು ಕೈಗಿತ್ತು ಒಣನೆಲ ಉಜ್ಜಿಸಿದರು. "ದಿನಾ ಹಿಂಗ ಒರಸೂದು, ಅಷ್ಟ. ನಾವು ನೆಲದ ಮ್ಯಾಲ ಸೀರಿ ಹಾಸಿ ಮಡಚ್ತೀವಲ್ರಿ, ಒಂದ ಹರಳಿದ್ರೂ ಎಳಿ ಕೀಳ್ತೈತಿ." ಇವರ ಬಳಿ ಯಾವುದೋ ಗುಟ್ಟಿನ ಪುಡಿ ಇದೆಯೆಂದು ಹತ್ತು ವರ್ಷ ನಂಬಿದ್ದೆ. ಪುಡಿಯಾಗಿದ್ದರೆ ಕ್ಷಮಿಸಬಹುದಿತ್ತು. ದಿನಾ ಒರೆಸಿದ್ದನ್ನು ಹೇಗೆ ಕ್ಷಮಿಸುವುದು?

ಕುಬಸ ನಮ್ಮ ಪಡಸಾಲೆಯಲ್ಲೇ ನಡೆಯಿತು. ಊಟಕ್ಕೆ ಕೂತ ಬೀಗಿತ್ತಿ ನೆಲ ಸವರಿ, "ಕಲ್ತವ್ರ ಮನಿ ಅಂದ್ರ ಹಿಂಗಿರಬೇಕ ನೋಡ್ರಿ," ಎಂದರು. ನಾನು ಸಭ್ಯವಾಗಿ ತಲೆದೂಗಿದೆ. ಹೋಳಿಗೆ ಬಡಿಸುತ್ತಿದ್ದ ಶರಣಮ್ಮ, "ಹೌದ್ರಿ, ಸರ ಭಾಳ ಓದ್ಯಾರ," ಎಂದು ಮುಂದಿನ ಎಲೆಗೆ ಸರಿದರು. ಅಲ್ಲೇ ನಿಜ ಹೇಳಿಬಿಟ್ಟಿದ್ದರೆ ಅವರ ಮೇಲೆ ಸಿಟ್ಟಾದರೂ ಆಗಬಹುದಿತ್ತು. ಆ ಅವಕಾಶವನ್ನೂ ಕೊಡಲಿಲ್ಲ. ಋಣಕ್ಕೆ ಬಿದ್ದವನಿಗೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲೂ ಬರುವುದಿಲ್ಲ. ಮರುದಿನ ಅವರ ಪಾತ್ರೆ ಕೊಡಲು ಹೋಗಿ ಹೊಸ್ತಿಲಲ್ಲೇ ನಿಂತು ಒಳಗಿನ ನೆಲ ನೋಡಿದೆ. ನಮ್ಮದಕ್ಕಿಂತ ಒಂದು ಕೈ ಹೆಚ್ಚೇ ಹೊಳೆಯುತ್ತಿತ್ತು. ಹಳೆಯ ಹೊಟ್ಟೆಕಿಚ್ಚು ಮತ್ತೆ ಮಿಸುಕಿತು, ಜೀವಕ್ಕೆ ಹಾಯೆನಿಸಿತು.