ಅವಸರಕ್ಕೆ ಇಟ್ಟ ಕಟ್ಟಿಗೆ

ಚಳಿಗಾಲ ಬಂತೆಂದರೆ ಊರಲ್ಲಿ ಜಾಣರು ಹುಟ್ಟುತ್ತಾರೆ. ಪ್ರತಿ ವರ್ಷವೂ ಇದೇ. ಮೈ ಬೆಚ್ಚಗಾಗಬೇಕು, ಕಟ್ಟಿಗೆ ಸುಡಬಾರದು. ನಾನು ಶಿಗ್ಗಾವಿಯಲ್ಲಿ ಕಟ್ಟಿಗೆ ವಖಾರಿ ಇಟ್ಟಿದ್ದವನು. ಹಾನಗಲ್ಲ ಕಡೆಯ ಅಡವಿಯಿಂದ ಚಕ್ಕಡಿಯಲ್ಲಿ ತರುವುದು, ಒಡೆಯುವುದು, ಮಾರುವುದು. ಇಂಥ ಜಾಣರನ್ನು ಬಹಳ ನೋಡಿದ್ದೇನೆ. ನನ್ನ ಎದುರುಮನೆಯ ಸಾವುಕಾರನೊಬ್ಬನ ಕತೆ ಹೇಳಿದರೆ ಸಾಕು. ಉಳಿದವರು ಅವನ ಶಿಷ್ಯರು.

ಒಟ್ಟಲು

ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕಟ್ಟಿಗೆ ತುಟ್ಟಿಯಾಗಿತ್ತು. ಸಾವುಕಾರನಿಗೆ ಎರಡರ ಚಿಂತೆಯೂ ಇರಬೇಕಾಗಿರಲಿಲ್ಲ. ಸವಣೂರ ಕಡೆ ಹತ್ತಿಯ ಹೊಲಗಳಿದ್ದವು. ಹಿತ್ತಲಲ್ಲಿ ಆಳೆತ್ತರ ಕಟ್ಟಿಗೆಯ ಒಟ್ಟಲು ಇತ್ತು. ಹೊಲದ ಹುಣಸೆಮರ ಕಡಿಸಿ ಒಟ್ಟಿಸಿದ್ದು. ಮೇಲೆ ತಗಡು ಹೊದಿಸಿದ್ದ. ನಾನು ಸಣ್ಣವನಿದ್ದಾಗಿನಿಂದ ಅದು ಹಾಗೇ ಇತ್ತು. ಹೆಂಡತಿ ಆ ಕಡೆ ಹೋದರೆ ಸಾಕು, ಒಳಗಿನಿಂದ ಕೂಗುತ್ತಿದ್ದ.

"ಏ, ಮುಟ್ಟಬ್ಯಾಡ. ಅವಸರಕ್ಕ ಇರ್ಲಿ."

ಆಕೆ ಹೊಲದಲ್ಲಿ ಹತ್ತಿಕಟ್ಟಿಗೆ ಆರಿಸಿ ತಂದು ಒಲೆ ಹಚ್ಚುತ್ತಿದ್ದಳು.

ಆ ವರ್ಷ ತಿಳವಳ್ಳಿಗೆ ಕೊಟ್ಟಿದ್ದ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬುವುದು ಪುಷ್ಯಮಾಸದಲ್ಲಿ, ಚಳಿ ಕಡಿಯುವ ಹೊತ್ತಿಗೆ. ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಆರಬಾರದು. ಅದು ನಮ್ಮ ಕಡೆಯ ಪದ್ಧತಿ. ಸಾವುಕಾರನ ಹೆಂಡತಿ ನನ್ನ ವಖಾರಿಗೆ ಬಂದು ನಿಂತಳು.

"ತಮ್ಮಾ, ನಮ್ಮ ಮನಿಯಾಗ ಕೂಸು ಬೆಚ್ಚಗ ಇರತೈತೇನೋ?"

"ಸಾವಕಾರ್ರನ್ನ ಕೇಳ್ರಿ, ಅಕ್ಕಾರ."

"ಕೇಳಿದ್ನಿ. ಕೂಸು ಬರುವಾಗ ಮೈಯಾಗ ಶಾಖ ತಗೊಂಡ ಬರತೈತಿ, ಅಷ್ಟ ಸಾಕು ಅಂದ್ರು."

ಆ ಒಟ್ಟಲಿಗೆ ಗೆದ್ದಲು ಹತ್ತಿತ್ತು. ಸಾವುಕಾರನ ಕಟ್ಟಿಗೆಯಿಂದ ಊರಲ್ಲಿ ಯಾರಿಗಾದರೂ ಉಪಕಾರವಾಗಿದ್ದರೆ ಆ ಗೆದ್ದಲಿಗೆ.

ಕೆಂಡ ಬೇಡಿದ್ದು

ಆಗ ಕಡ್ಡಿಪೆಟ್ಟಿಗೆ ಉಳಿಸಲು ಬೆಳಿಗ್ಗೆ ನೆರೆಮನೆಯಿಂದ ಒಂದು ಕೆಂಡ ತರುತ್ತಿದ್ದೆವು. ಒಡೆದ ಗಡಿಗೆಯ ಚೂರಿನಲ್ಲಿ ಒಂದೇ ಕೆಂಡ. ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಸಾವುಕಾರ ಕಬ್ಬಿಣದ ಬುಟ್ಟಿ ಹಿಡಿದು ಹೋದ. ಬಾಜೂಮನೆಯ ಮುದುಕಿ ಬುಟ್ಟಿ ನೋಡಿದಳು, ಅವನನ್ನು ನೋಡಿದಳು.

"ಬೆಂಕಿ ಕೇಳಾಕ ಬಂದೀಯೋ, ಒಲಿ ಕಿತ್ತಗೊಂಡ ಹೋಗಾಕ ಬಂದೀಯೋ?"

"ದಾರ್ಯಾಗ ಒಂದ ಆರಿದ್ರ ಇನ್ನೊಂದ ಇರ್ಲಿ ಅಂತ, ಆಯೀ."

ದಾರಿ ಎಂದರೆ ಒಂದು ಗೋಡೆ ದಾಟಬೇಕು, ಅಷ್ಟೆ. ಮುದುಕಿ ಒಳಗೆ ಹೋಗಿ ಬುಟ್ಟಿ ತುಂಬಿಸಿ ತಂದಳು. ಮೇಲೆ ಕೆಂಪಗೆ ಹೊಳೆಯುತ್ತಿತ್ತು. ಅವನು ಖುಷಿಯಿಂದ ಮನೆಗೆ ಒಯ್ದು ಸುರುವಿದ. ಕಂಠಮಟ ಬೂದಿ. ಮೇಲೆ ಒಂದೇ ಕೆಂಡ.

ಬೇರೆಯವನಾಗಿದ್ದರೆ ನಾಚುತ್ತಿದ್ದ. ಇವನು ಒಂದು ವಿದ್ಯೆ ಕಲಿತುಕೊಂಡ.

ಎಮ್ಮೆ

ಮುಂದೆ ಅವನು ಹಾಸಿಗೆಯನ್ನು ಕೊಟ್ಟಿಗೆಗೆ ಒಯ್ದ. ಎಮ್ಮೆಯ ಪಕ್ಕದಲ್ಲಿ ಮಲಗಿದ.

"ಎಮ್ಮಿ ಅಂದ್ರ ಒಲಿ ಇದ್ದಂಗ, ತಮ್ಮಾ. ಕಟ್ಟಿಗಿ ಕೇಳೂದಿಲ್ಲ. ಹುಲ್ಲು ಹೆಂಗೂ ತಿಂತೈತಿ," ಎಂದು ನನಗೂ ಬೋಧಿಸಿದ.

ಕೆಲವು ದಿನಗಳಲ್ಲಿ ಎಮ್ಮೆ ಹಾಲು ಬತ್ತಿಸಿತು. ದನದ ಔಷಧ ಬಲ್ಲವನನ್ನು ಕರೆಸಿದರು. ಅವನು ಕೆಚ್ಚಲು ಮುಟ್ಟಿದ, ಬಾಯಿ ನೋಡಿದ, ಪಕ್ಕದಲ್ಲಿ ಸುತ್ತಿಟ್ಟ ಹಾಸಿಗೆಯನ್ನೂ ನೋಡಿದ.

"ಎಮ್ಮಿಗೆ ಏನೂ ಆಗಿಲ್ರಿ."

"ಮತ್ತ ಹಾಲ ಯಾಕ ಕೊಡವಲ್ದು?"

"ನಿಮ್ಮ ಬಾಜೂಕ ಮಲಗಿ ನಿಮ್ಮ ಗುಣ ಕಲತೈತಿ."

ಯಲವಿಗಿಯ ಪುಕ್ಕಟೆ ಶಾಖ

ನನ್ನ ಚಕ್ಕಡಿ ಯಲವಿಗಿ ಸ್ಟೇಶನ್ನಿಗೆ ಹೊರಟಿತ್ತು. ಬಾಡಿಗೆ ಇಲ್ಲದ ಸವಾರಿ ಎಂದು ಸಾವುಕಾರನೂ ಹತ್ತಿದ. ಅಲ್ಲಿ ಎಂಜಿನ್ನಿನ ಬೂದಿ ಕೆಡವುವ ಜಾಗದಲ್ಲಿ ಅರೆಬೆಂದ ಕಲ್ಲಿದ್ದಲು ಬಿದ್ದಿತ್ತು. ಹೊರಗೆ ಕಪ್ಪು. ಆರಿದ ಹಾಗೆ ಕಾಣುತ್ತಿತ್ತು. ಅವನು ಆರಿಸಿ ಆರಿಸಿ ಗೋಣಿಚೀಲ ತುಂಬಿದ. ಬಾಣಂತಿಯ ಖರ್ಚು ತೀರಿತು ಎಂದ. ತಿರುಗಿ ಬರುವಾಗ ಚಕ್ಕಡಿಯಲ್ಲಿ ಆ ಚೀಲದ ಮೇಲೆಯೇ ಕುಳಿತ.

"ಸರಕಾರದ ಶಾಖ, ತಮ್ಮಾ. ಕುಂತರ ಎಷ್ಟ ಹಿತ ಆಗತೈತಿ ನೋಡ."

ಸ್ವಲ್ಪ ದೂರ ಹೋಗುವುದರಲ್ಲಿ ವಾಸನೆ ಬಂತು.

"ಏನೋ ಸುಡಾಕತ್ತೈತಲ್ಲೋ?"

"ನೀವ ರೀ, ಸಾವಕಾರ್ರ."

ಹಾರಿ ಕೆಳಗೆ ಬಿದ್ದ. ಚೀಲ ಹೋಯಿತು, ಕೋಟಿನ ಹಿಂಭಾಗ ಹೋಯಿತು, ದೋತರದ ಹಿಂಭಾಗವೂ ಹೋಯಿತು. ನನ್ನದೊಂದು ಖಾಲಿ ಚೀಲ ಕೊಟ್ಟೆ. ಅದನ್ನು ಸುತ್ತಿಕೊಂಡು ಸವಣೂರ ಪೇಟೆ ದಾಟಿದ. ಜನ ಎದ್ದು ನಿಂತು ನೋಡಿದರು.

ಆ ಚೀಲವನ್ನು ಅವನು ತಿರುಗಿ ಕೊಡಲಿಲ್ಲ.

ಬಾಣಂತಿ ಕೋಣೆ

ಗಂಡುಕೂಸು ಹುಟ್ಟಿತು. ಸಾವುಕಾರ ನನ್ನ ಹತ್ತಿರ ಒಂದು ಬುಟ್ಟಿ ಇದ್ದಿಲು ಒಯ್ದ.

"ಉಳದದ್ದು ತಿರುಗಿ ತಗೋತೀಯಲ್ಲಾ?" ಎಂದ.

"ಬೂದಿ ಉಳಿತೈತ್ರಿ," ಎಂದೆ.

ಬಾಣಂತಿ ಕೋಣೆಗೆ ಗಂಡಸರು ಹೋಗಬಾರದು. ಆದರೂ ಅಗ್ಗಿಷ್ಟಿಕೆಯನ್ನು ಹೆಂಗಸರ ಕೈಗೆ ಬಿಡಲಿಲ್ಲ. ಹೊರಗೆ ತಾನೇ ತುಂಬಿಸಿ ಬಾಗಿಲಲ್ಲಿ ಒಳಗೆ ಸರಿಸುತ್ತಿದ್ದ.

"ಬೂದಿ ಕೆದರಬ್ಯಾಡ್ರಿ, ಶಾಖ ಹಾರಿಹೋಗತೈತಿ," ಎಂದು ದಿನವೂ ಹೇಳುತ್ತಿದ್ದ. ಅವರೂ ಕೆದರಲಿಲ್ಲ.

ಹೆಂಡತಿ ಮತ್ತೆ ವಖಾರಿಗೆ ಬಂದಳು. ಈ ಸಲ ಕಣ್ಣಲ್ಲಿ ನೀರು.

"ಕೂಸಿನ ಅಂಗಾಲು ತಣ್ಣಗ ಅದಾವ, ತಮ್ಮಾ. ರಾತ್ರೆಲ್ಲಾ ಅಳತೈತಿ. ಬೆಂಕಿ ಕಾಣತೈತಿ, ಶಾಖ ಹತ್ತವಲ್ದು."

ಅದು ಯಾವ ಬೆಂಕಿ ಎಂದು ತೊಟ್ಟಿಲ ದಿನ ತಿಳಿಯಿತು. ತೊಲೆಗೆ ತೊಟ್ಟಿಲು ಕಟ್ಟಲು ನನ್ನನ್ನು ಕರೆದಿದ್ದರು. ನಾನು ಪಡಸಾಲೆಯಲ್ಲಿ ಹಗ್ಗ ಬಿಗಿಯುತ್ತಿದ್ದೆ. ತಿಳವಳ್ಳಿಯಿಂದ ಮಗಳ ಅತ್ತೆ ಬಂದಿಳಿದಳು. ದೊಡ್ಡ ಆಳು, ದೊಡ್ಡ ದನಿ. ಸೀದಾ ಕೋಣೆಗೆ ಹೋಗಿ ಮೊಮ್ಮಗನಿಗೆ ಹೊಗೆ ಕೊಡಲು ಅಗ್ಗಿಷ್ಟಿಕೆಗೆ ಒಂದು ಚಿಟಿಕೆ ಲೋಬಾನ ಉದುರಿಸಿದಳು. ಹೊಗೆ ಬರಲಿಲ್ಲ. ಒಂದು ಹಿಡಿ ಹಾಕಿದಳು. ಆಗಲೂ ಬರಲಿಲ್ಲ. ಅಗ್ಗಿಷ್ಟಿಕೆಯನ್ನು ಪಡಸಾಲೆಗೆ ಎಳೆದು ತಂದು ಬೋರಲು ಹಾಕಿದಳು.

ಬೂದಿಯ ಜೊತೆ ಕೆಂಪು ಹಂಚಿನ ಚೂರುಗಳು ಟಕಟಕ ಉದುರಿದವು. ನಡುವೆ ಒಂದೇ ಕೆಂಡ. ಬಾಜೂಮನೆ ಮುದುಕಿಯ ವಿದ್ಯೆ.

ಆಕೆ ಒಂದು ಚೂರನ್ನು ಬರಿಗೈಯಲ್ಲಿ ಎತ್ತಿದಳು.

"ಬೀಗರ, ಇದೇನ್ರಿ?"

"ಹಂಚಿನ ಚೂರ್ರಿ. ಶಾಖ ಹಿಡಕೊಂಡ ಇರತಾವು."

"ಹಿಡಕೊಳ್ಳಾಕ ಮದಲ ಯಾರರ ಕೊಡಬೇಕಲ್ರಿ!" ಎಂದಳು. "ಸಾಕು. ಸೊಸಿನ್ನ, ಮೊಮ್ಮಗನ್ನ ಇವತ್ತ ತಿಳವಳ್ಳಿಗೆ ಕರಕೊಂಡ ಹೊಂಟೇನಿ."

ಹಸಿ ಬಾಣಂತಿ, ಎಳೆ ಕೂಸು, ಪುಷ್ಯದ ಗಾಳಿಯಲ್ಲಿ ಚಕ್ಕಡಿಯ ದಾರಿ. ಸಾವುಕಾರನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಕೂಸು ಅಳುತ್ತಿತ್ತು. ಬೀಗತಿ ಹಿಂದೆ ತಿರುಗಿದಾಗ ಹಿತ್ತಲ ಬಾಗಿಲಿನಿಂದ ಒಟ್ಟಲು ಕಾಣಿಸಿತು.

"ಅದೇನ್ರಿ ಅದು?"

"ಕಟ್ಟಿಗ್ರಿ," ಎಂದ ಸಾವುಕಾರ. "ಅವಸರಕ್ಕ ಇಟ್ಟದ್ದು."

"ಕೂಸು ಥಂಡಿಲೆ ಸಾಯಾಕತ್ತೈತಿ. ಇದಕ್ಕಿಂತ ಅವಸರ ಯಾವದು ಬರೂದೈತ್ರಿ ನಿಮಗ?"

ಅವನು ಒಟ್ಟಲ ಕಡೆ ನೋಡಿದ.

"ನಿಮ್ಮ ಸಾವಿಗಂತ ಇಟ್ಟೀರೇನು? ನಾವು ಮಣ್ಣಾಗ ಹೂಳೂ ಮಂದಿ, ಬೀಗರ. ನಿಮ್ಮ ಹೆಣಾನೂ ಅದರಾಗಿಂದ ಒಂದ ತುಂಡ ಕೇಳೂದಿಲ್ಲ."

ಸಾವುಕಾರನ ಹೆಂಡತಿ ಹಿತ್ತಲಿಗೆ ಹೋಗಿ ಒಟ್ಟಲ ಮೇಲಿನ ತಗಡು ಕಿತ್ತು ಅಂಗಳಕ್ಕೆ ಒಗೆದಳು. ಆ ಸಪ್ಪಳ ಓಣಿಗೆಲ್ಲ ಕೇಳಿಸಿತು.

"ತಮ್ಮಾ, ಕೊಡ್ಲಿ ತಗೊಂಬಾ."

ತಂದೆ. ಒಡೆದೆ. ಹಳೆಯ ಹುಣಸೆ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಸಂಜೆಯೊಳಗೆ ಕೋಣೆ ಕಾದಿತ್ತು. ಕೂಸು ಕಾಲು ಚಾಚಿ ಮಲಗಿತು. ಸೊಸೆಯನ್ನು ಕರೆದೊಯ್ಯುವ ಮಾತನ್ನು ಬೀಗತಿ ಬಿಟ್ಟಳು. ಒಟ್ಟಲು ಮುಗಿಯುವವರೆಗೆ ತಾನೂ ಇಲ್ಲೇ ಇರುತ್ತೇನೆ ಎಂದಳು. ಇದ್ದಳು ಕೂಡ.

ಮರುದಿನ ಬೆಳಿಗ್ಗೆ ಮತ್ತೆ ಕಟ್ಟಿಗೆ ಒಡೆಯಲು ಹಿತ್ತಲಿಗೆ ಹೋದೆ. ಬಾಣಂತಿ ಕೋಣೆಯ ಹೊರಗೋಡೆಗೆ ಸಾವುಕಾರ ಬೆನ್ನು ಹಚ್ಚಿ ಕುಳಿತಿದ್ದ. ಅಂಗಿ ಮೇಲೆತ್ತಿದ್ದ. ಬರಿಮೈ ಗೋಡೆಗೆ ಅಂಟಿತ್ತು.

"ಇಲ್ಲೇನ ಮಾಡಾಕತ್ತೀರಿ, ಸಾವಕಾರ್ರ?"

"ಶಾಖ ಗ್ವಾಡಿ ದಾಟಿ ಹೊರಗ ಹೊಂಟೈತೋ, ತಮ್ಮಾ," ಎಂದ. "ಸುಮ್ನ ಹಾಳಾಗೂದ ಬ್ಯಾಡಂತ ಹಿಡಿಯಾಕತ್ತೇನಿ."