ಬಿಸಿಲಿನ ಟೆಲಿಫೋನು

ನೆರೆಮನೆಯ ಮಾಣಿಕಬಾಯಿ ಅದನ್ನು ಸ್ಟೂಲು ಎಂದು ತಿಳಿದು ಕೂತದ್ದೇ ತಡ, ಮೂರು ಕಾಲಿನ ಸ್ಟ್ಯಾಂಡು ಲಟಕ್ಕನೆ ಮುರಿಯಿತು. ಅದರ ಮೇಲಿಡಬೇಕಿದ್ದ ಯಂತ್ರ ಹಿಡಿದುಕೊಂಡು ಪರಪ್ಪ ತನ್ನ ಮಾಳಿಗೆಯ ಮೇಲೆ ಪೆಚ್ಚಾಗಿ ನಿಂತ.

ಟ್ರಾನ್ಸಿಸ್ಟರು ಇನ್ನೂ ಶ್ರೀಮಂತರ ಕೈಯಲ್ಲಷ್ಟೇ ಇದ್ದ ಕಾಲ. ಗಡಹಿಂಗ್ಲಜದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಪರಪ್ಪ, ಬಿಸಿಲಿನ ಮೇಲೆ ಮಾತು ಕಳಿಸುವ ಯಂತ್ರ ಮಾಡಿದ್ದ. ತಗಡಿನ ಡಬ್ಬಿಯ ಬಾಯಿಗೆ ತೆಳ್ಳನೆಯ ಕನ್ನಡಿ ಹಾಳೆ. ಹಿಂದಿನ ತೂತಿನಲ್ಲಿ ಮಾತಾಡಿದರೆ ಹಾಳೆ ನಡುಗುತ್ತಿತ್ತು, ಅದರಿಂದ ಚಿಮ್ಮಿದ ಬೆಳಕೂ ನಡುಗುತ್ತಿತ್ತು. ಆ ಬೆಳಕು ಎದುರು ಮಾಳಿಗೆಯಲ್ಲಿಟ್ಟ , ಬೆಳಕನ್ನು ಕರೆಂಟಾಗಿಸುವ ಬಿಸ್ಕೀಟಿನಗಲದ ಬಿಲ್ಲೆಯ ಮೇಲೆ ಸರಿಯಾಗಿ ಬಿದ್ದರೆ, ಅದಕ್ಕೆ ಜೋಡಿಸಿದ ರೇಡಿಯೋ ಮಾತಾಡಬೇಕು.

ಇವತ್ತು ಆ ಮಾಳಿಗೆಯ ಮೇಲೆ ಇಚಲಕರಂಜಿಯ ಕಾಕಾಸಾಹೇಬರು ಕೂತಿದ್ದರು. ಯಂತ್ರ ಮಾತಾಡಿದರೆ ಅವರ ಮಗಳು ಗೌರವ್ವ ಪರಪ್ಪನ ಹೆಂಡತಿ. ಅವಳನ್ನು ಕಂಡ ದಿನದಿಂದ ಅವನಿಗೆ ವಾಲ್ವು ಯಾವುದು, ವಾಯರು ಯಾವುದು ತಿಳಿಯದಾಗಿತ್ತು.

"ಅವ್ವಾ, ನೀನ ಹಿಡಿ. ಅಳ್ಳಾಡಬ್ಯಾಡ!"

ಚೆನ್ನವ್ವ ಡಬ್ಬಿಯನ್ನು ಕೂಸಿನಂತೆ ಅವಚಿಕೊಂಡಳು. ಬೆಳಕು ಬೀದಿಗೆ ಜಿಗಿದು ಕ್ಷೌರದ ಜೋತಿಬಾನ ಕಣ್ಣಿಗೆ ಹೊಡೆಯಿತು.

"ಏ ಪರಪ್ಪಾ! ಗಿರಾಕಿ ಕುತ್ತಿಗಿ ಮ್ಯಾಲೆ ಕತ್ತಿ ಐತೋ!"

"ಮ್ಯಾಲಕ್ಕ, ಅವ್ವಾ, ಮ್ಯಾಲಕ್ಕ!"

ಮೇಲೇರಿದ ಬೆಳಕು ಕಾಕಾಸಾಹೇಬರ ಮೂಗಿನ ಮೇಲೆ ಕೂತಿತು. ಅವರು ನೊಣ ಓಡಿಸುವಂತೆ ಕೈ ಬೀಸಿದರು.

"ಉಜವೀಕಡೆ! ಬಲಕ್ಕ!" ಎಂದಳು ಮಾಣಿಕಬಾಯಿ.

"ಎಡಕ್ಕ!" ಎಂದ ಪರಪ್ಪ.

"ಯಾರ ಮಾತ ಕೇಳ್ಲಿ ನಾ?" ಚೆನ್ನವ್ವ ಡಬ್ಬಿಯನ್ನು ಅತ್ತಿತ್ತ ತಿರುಗಿಸಿದಳು.

ಅಷ್ಟರಲ್ಲಿ ಮೋಡ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಇಚಲಕರಂಜಿ ಬಸ್ಸು ಹಾರ್ನು ಹೊಡೆಯಿತು. ಕಾಕಾಸಾಹೇಬರು ಛತ್ರಿ ಎತ್ತಿಕೊಂಡು ಎದ್ದರು.

"ಒಂದ ನಿಮಿಷ ತಡೀರಿ!" ಪರಪ್ಪ ಮಾಳಿಗೆಯ ಅಂಚಿಗೆ ಓಡಿ ಎರಡೂ ಕೈ ಆಡಿಸಿದ. ಹಿಂದೆ ಅವ್ವ ಡಬ್ಬಿಯ ತೂತಿನ ಹತ್ತಿರವೇ ಏನೋ ಗೊಣಗುತ್ತಿದ್ದಳು. ಮೋಡ ಸರಿಯಿತು. ಬೆಳಕು ನೆಟ್ಟಗೆ ಬಿಲ್ಲೆಯ ಮೇಲೆ!

ಚಪ್ಪಲಿಗೆ ಕಾಲು ತೂರಿಸುತ್ತಿದ್ದ ಕಾಕಾಸಾಹೇಬರು ಗಕ್ಕನೆ ನಿಂತು, ರೇಡಿಯೋಕ್ಕೆ ಕಿವಿ ಕೊಟ್ಟರು. ಅವರ ಹುಬ್ಬು ಮೇಲೇರಿತು.

ಪರಪ್ಪ ಬೀದಿ ದಾಟಿ ಮೆಟ್ಟಿಲು ಹತ್ತಿ ಬಂದ. "ಕೇಳಿಸ್ತೇನ್ರಿ?"

"ಫಸ್ಟ್‌ಕ್ಲಾಸ್, ತಮ್ಮಾ! ಒಂದ ಅಕ್ಷರ ತಪ್ಪಿಲ್ಲ."

"ಹಂಗಾದ್ರ... ಗೌರವ್ವ?"

"ನಿಮ್ಮವ್ವ ಅಂದ್ಲು, 'ನನ್ನ ಕೈ ಸತ್ತು ಹೋದೂವು. ಸೊಸಿ ಬರ್ಲಿ, ದಿನಾ ಬಿಸಿಲಾಗ ನಿಂದರಿಸಿ ಆಕೀ ಕೈಲೆ ಹಿಡಸ್ತೀನಿ' ಅಂತ." ಅವರು ಛತ್ರಿ ಬಿಚ್ಚಿದರು. "ನನ್ನ ಮಗಳು ಸ್ಟ್ಯಾಂಡ್ ಅಲ್ಲಪಾ."

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ದೂರವಾಯಿತು. ಪರಪ್ಪ ಬಿಲ್ಲೆಯ ಪಕ್ಕದಲ್ಲೇ ಕುಸಿದು ಕೂತ.

ರೇಡಿಯೋದಲ್ಲಿ ಚೆನ್ನವ್ವನ ದನಿ ಗಂಟೆ ಹೊಡೆದಂತೆ ಬಂತು:

"ಏ ಪರಪ್ಪಾ, ಇನ್ನರ ಡಬ್ಬಿ ಇಳಸ್ಲ್ಯಾ?"